24 ಹೆಸರು, ಒಂದು ಹಲ್ಲುಕಡ್ಡಿ

ಕರಡು ತಿದ್ದುವುದು ನನ್ನ ಕಸುಬು. ಹನ್ನೊಂದು ವರ್ಷಗಳಿಂದ ಬೇರೆಯವರ ಅಲ್ಪಪ್ರಾಣ ಮಹಾಪ್ರಾಣಗಳನ್ನು ಕಾಯುತ್ತ ಹೊಟ್ಟೆ ಹೊರೆಯುತ್ತಿದ್ದೇನೆ. ಇದರಿಂದ ಅಂಟಿಕೊಂಡಿರುವ ಚಾಳಿಯೆಂದರೆ, ಅಚ್ಚಾದದ್ದು ಏನೇ ಇರಲಿ, ಅದರ ಅತಿ ಸಣ್ಣ ಅಕ್ಷರವೇ ನನ್ನ ಕಣ್ಣಿಗೆ ಮೊದಲು ಬೀಳುತ್ತದೆ. ಔಷಧದ ಚೀಟಿ, ಟಿಕೆಟಿನ ಹಿಂಬದಿ, ಶಾಂಪೂ ಬಾಟಲಿ, ಯಾವುದನ್ನೂ ಬಿಡುವುದಿಲ್ಲ. ಆದರೂ ಕಳೆದ ವರ್ಷ ಮಗಳ ನಾಲ್ಕನೆಯ ಹುಟ್ಟುಹಬ್ಬಕ್ಕೆ ಅವಳ ತರಗತಿಗೆ ಕಪ್‌ಕೇಕ್ ಮಾಡಿ ಕಳಿಸುವಾಗ, ಶಾಲೆಯಿಂದ ಬಂದಿದ್ದ ಅರ್ಧ ಪುಟದ ಸೂಚನೆಯನ್ನು ನಾನು ಓದಲಿಲ್ಲ. ಓದಲಿಲ್ಲ ಎಂದರೆ ಓದಿದೆ. ಅದರಲ್ಲಿ ಎರಡು ಕಡೆ ಅಲ್ಪವಿರಾಮ ತಪ್ಪಿದ್ದನ್ನು ಪೆನ್ಸಿಲಿನಿಂದ ಗುರುತು ಮಾಡಿದೆ, ವಿಷಯವನ್ನು ಮರೆತೆ.

ಆ ಸೂಚನೆಯ ನಾಲ್ಕನೆಯ ಸಾಲಿನಲ್ಲಿ, ತರಗತಿಯ ಒಂದು ಮಗುವಿಗೆ ಮೊಟ್ಟೆ ಆಗಿಬರುವುದಿಲ್ಲ ಎಂದಿತ್ತು. ನನ್ನ ಕಪ್‌ಕೇಕುಗಳಿಗೆ ಆರು ಮೊಟ್ಟೆ ಬಿದ್ದಿದ್ದವು.

ಸಂಜೆ ಮಗಳು ಶೂ ಬಿಚ್ಚುತ್ತಲೇ ವರದಿ ಒಪ್ಪಿಸಿದಳು. “ಎಲ್ಲರೂ ತಿಂದರು. ಒಬ್ಬನ ಮೂಗಿಗೆ ಕ್ರೀಮ್ ಅಂಟಿತ್ತು. ಕನ್ನಡಕದ ಹುಡುಗ ಮಾತ್ರ ತನ್ನ ಬಿಸ್ಕತ್ತು ತಿಂದ. ಆದರೆ ಚಪ್ಪಾಳೆ ಹೊಡೆದ.” ಅವಳಿಗೆ ಅದು ಬರೀ ಸುದ್ದಿ. ನನ್ನನ್ನು ಮಾತ್ರ ಆ ‘ಆದರೆ’ ರಾತ್ರಿಯಿಡೀ ಕಚ್ಚಿಕೊಂಡಿತು.

ಮರುದಿನ ಗೇಟಿನ ಬಳಿ ಆ ಹುಡುಗನ ತಾಯಿಯನ್ನು ಹುಡುಕಿ ತಪ್ಪಾಯಿತೆಂದು ಹೇಳಿದೆ. “ಅಯ್ಯೋ, ಅದಕ್ಕೇನಂತೆ ಬಿಡಿ. ಟೀಚರ್ ಹತ್ತಿರ ಒಂದು ಡಬ್ಬಿ ಕೊಟ್ಟಿಟ್ಟಿದ್ದೇನೆ. ಯಾರ ಹುಟ್ಟುಹಬ್ಬ ಬಂದರೂ ಅದರಿಂದ ಎರಡು ಬಿಸ್ಕತ್ತು ತೆಗೆದು ಕೊಡುತ್ತಾರೆ. ಖಾಲಿಯಾದಾಗ ತುಂಬಿಸಿ ಕೊಡುತ್ತೇನೆ” ಎಂದರು. ಮಾತಿನಲ್ಲಿ ಮುನಿಸಿರಲಿಲ್ಲ. ಮುನಿಸು ಇದ್ದಿದ್ದರೇ ವಾಸಿಯಿತ್ತು. ತರಗತಿಗೆ ಒಮ್ಮೆ ಕೇಕ್ ಬರುತ್ತದೆ, ಒಮ್ಮೆ ಚಾಕೊಲೇಟ್, ಇನ್ನೊಮ್ಮೆ ಐಸ್‌ಕ್ರೀಮ್. ಆ ಹುಡುಗನಿಗೆ, ಯಾರು ಹುಟ್ಟಿದ ದಿನವಾದರೂ ಸರಿ, ಅದೇ ಡಬ್ಬಿ, ಅದೇ ಬಿಸ್ಕತ್ತು.

ಹಾಗಾಗಿ ಈ ವರ್ಷ ಮೂರು ವಾರ ಮೊದಲೇ ಶುರುಹಚ್ಚಿಕೊಂಡೆ. ಷರತ್ತು ಒಂದೇ: ಇಪ್ಪತ್ತನಾಲ್ಕು ಮಕ್ಕಳ ಕೈಗೂ ಒಂದೇ ಚೀಲದಿಂದ ಹೋಗಬೇಕು, ಯಾರಿಗೂ ಪ್ರತ್ಯೇಕ ಡಬ್ಬಿ ತೆರೆಯಬಾರದು.

ಮನೆಯಲ್ಲಿ ಇದನ್ನು ಹೇಳಿದಾಗ ಇವರು ಪೇಪರಿನಿಂದ ತಲೆಯೆತ್ತದೆ “ಪೆನ್ಸಿಲ್ ಕೊಟ್ಟರಾಯಿತು” ಎಂದರು. ನಿಜಕ್ಕೂ ಮೂರು ವಾರದ ಕೆಲಸ ಅಲ್ಲಿಗೇ ಮುಗಿಯಬೇಕಿತ್ತು. ಆದರೆ ಅತ್ತೆ ಬಿಡಲಿಲ್ಲ. “ಹುಟ್ಟಿದ ದಿನ ಪೆನ್ಸಿಲ್ ಕೊಡುವುದೆಂದರೇನು? ಮಕ್ಕಳ ಬಾಯಿ ಸಿಹಿಯಾಗಬೇಡವೇ?” ಮಗಳು ಅಜ್ಜಿಯ ಪಕ್ಷ. ನನಗೂ ಒಳಗೊಳಗೇ ಅತ್ತೆಯ ಮಾತೇ ಸರಿಯೆನಿಸಿತು. ಪೆನ್ಸಿಲ್ ಒಳ್ಳೆಯದೇ, ಆದರೆ ಅದನ್ನು ಎಲ್ಲರೂ ಒಟ್ಟಿಗೆ ಕುಳಿತು ತಿನ್ನಲು ಬರುವುದಿಲ್ಲವಲ್ಲ. ನಾಲ್ಕೈದು ವರ್ಷದವರಲ್ಲಿ ಕೆಲವರು ಅದನ್ನೂ ತಿನ್ನುತ್ತಾರೆ ಎಂಬುದು ಬೇರೆ ಮಾತು.

ಮೊದಲು ಟೀಚರಿಗೆ ಫೋನ್ ಮಾಡಿದೆ. ಕಳೆದ ವರ್ಷವೇ ಮಾಡಬೇಕಿದ್ದ ಕೆಲಸ. ಅವರು ಯಾವ ಮಗುವಿನ ಹೆಸರನ್ನೂ ಹೇಳಲಿಲ್ಲ, ಹೇಳಬಾರದು ಕೂಡ. ಪಟ್ಟಿಯನ್ನು ಮಾತ್ರ ಒದರಿದರು. ಮೊಟ್ಟೆ ಆಗದವರು ಒಬ್ಬರು. ಹಾಲು ಆಗದವರು ಒಬ್ಬರು. ಕುಡಿದರೆ ಹೊಟ್ಟೆಯುಬ್ಬರಿಸುವ ಲ್ಯಾಕ್ಟೋಸ್ ತೊಂದರೆಯಲ್ಲ, ನಿಜವಾದ ಅಲರ್ಜಿ. ಕಡಲೆಕಾಯಿ ಆಗದವರು ಒಬ್ಬರು. ಜೆಲಾಟಿನ್ ಬೇಡವೆನ್ನುವ ಮನೆಗಳು ಐದು. ಟೈಪ್ 1 ಮಧುಮೇಹ ಇರುವ ಮಗು ಒಂದು. ಅದಕ್ಕೆ ಏನನ್ನೂ ನಿಷೇಧಿಸಿಲ್ಲ, ಆದರೆ ಏನು, ಎಷ್ಟು ಎಂಬುದು ಹಿಂದಿನ ದಿನವೇ ತಾಯಿಗೆ ಗೊತ್ತಾಗಬೇಕು, ಇನ್ಸುಲಿನ್ ಲೆಕ್ಕಕ್ಕೆ. ಇಷ್ಟು ಹೇಳಿ ಟೀಚರ್ ಉಸಿರು ತೆಗೆದುಕೊಂಡು, “ಚಾಕು ಹಿಡಿದು ಕತ್ತರಿಸಬೇಕಾದದ್ದು ಬೇಡ. ಕರಗುವುದು ಬೇಡ. ಪೀಪಿ ಮಾತ್ರ ದಯವಿಟ್ಟು ಬೇಡವೇ ಬೇಡ” ಎಂದರು. ಈ ವರ್ಷ ಯಾರೋ ಇಪ್ಪತ್ತನಾಲ್ಕು ಪೀಪಿ ಕಳಿಸಿದ್ದರಂತೆ.

ಅವರ ದಣಿವು ನನಗೆ ಲೆಕ್ಕ ಹಾಕಿದ ಮೇಲೆ ಅರ್ಥವಾಯಿತು. ಇಪ್ಪತ್ತನಾಲ್ಕು ಮಕ್ಕಳೆಂದರೆ ಇಪ್ಪತ್ತನಾಲ್ಕು ಹುಟ್ಟುಹಬ್ಬ. ಶಾಲೆ ನಡೆಯುವ ದಿನಗಳು ಇನ್ನೂರು ಎಂದಿಟ್ಟುಕೊಂಡರೂ ಎಂಟು ಹತ್ತು ದಿನಕ್ಕೊಂದು ಕೇಕ್. ನಮಗೆ ವರ್ಷಕ್ಕೊಮ್ಮೆ ಬರುವ ಸಂಭ್ರಮ ಅವರ ಮೇಜಿನ ಮೇಲೆ ವಾರದ ಸಂತೆಯಂತೆ ಬಂದಿಳಿಯುತ್ತದೆ, ಅದರ ತುಣುಕುಗಳನ್ನು ನೆಲದಿಂದ ಗುಡಿಸುವವರೂ ಅವರೇ.

ಇನ್ನು ನನ್ನ ಕಸುಬಿಗೆ ಬೆಲೆ ಬರುವ ಕೆಲಸ: ಪೊಟ್ಟಣದ ಹಿಂಬದಿ ಓದುವುದು. ಎರಡು ಸಂಜೆ ಅಂಗಡಿಯ ಬಿಸ್ಕತ್ತಿನ ಸಾಲಿನಲ್ಲಿ ಭೂತಗನ್ನಡಿ ಹಿಡಿದು ನಿಂತೆ. ಆ ಅಕ್ಷರಗಳ ಗಾತ್ರದಲ್ಲಿ ಯಾವ ಪುಸ್ತಕವನ್ನು ಅಚ್ಚು ಹಾಕಿದರೂ ಓದುಗರು ಮುದ್ರಕನ ಮನೆಗೆ ಬಂದು ಜಗಳವಾಡುತ್ತಿದ್ದರು. ಹಾಲು ಎಂದು ನೇರವಾಗಿ ಬರೆದಿರುತ್ತಾರೆಂದು ನಂಬುವಂತಿಲ್ಲ. ಕೇಸೀನ್ ಎಂದರೂ ಹಾಲು, ವೇ ಎಂದರೂ ಹಾಲು, ಲ್ಯಾಕ್ಟಾಲ್ಬುಮಿನ್ ಎಂದರೂ ಹಾಲು. ಮೊಟ್ಟೆ ಆಲ್ಬುಮಿನ್ ಎಂಬ ವೇಷದಲ್ಲಿ ಬರುತ್ತದೆ. ಲೆಸಿಥಿನ್ ಬಹುಮಟ್ಟಿಗೆ ಸೋಯಾದ್ದು, ಕೆಲವೊಮ್ಮೆ ಮೊಟ್ಟೆಯದು. 120 ಎಂಬ ಸಂಖ್ಯೆಯ ಕೆಂಪು ಬಣ್ಣ ಕೊಚಿನೀಲ್ ಎಂಬ ಕೀಟದಿಂದ ಬರುತ್ತದೆ. ಮಕ್ಕಳು ಪ್ರಾಣ ಬಿಡುವ ಮೆತ್ತನೆಯ ಕರಡಿಮರಿ ಮಿಠಾಯಿಯ ಮೆತ್ತಗಿನ ಗುಣ ಜೆಲಾಟಿನ್‌ನದು, ಅದು ಪ್ರಾಣಿಗಳ ಚರ್ಮ, ಮೂಳೆಯಿಂದ ತೆಗೆದದ್ದು. ಸಮಾನಾರ್ಥಕ ಪದಗಳ ಇಷ್ಟು ದೊಡ್ಡ ಕೋಶವನ್ನು ನಾನು ವ್ಯಾಕರಣದ ಪುಸ್ತಕದಲ್ಲೂ ಕಂಡಿರಲಿಲ್ಲ.

ಎಲ್ಲ ಸರಿಯಿದ್ದ ಒಂದು ಬಿಸ್ಕತ್ತು ಸಿಕ್ಕಿತು. ಪಟ್ಟಿ ಚೊಕ್ಕ. ಕೊನೆಯಲ್ಲಿ ಇನ್ನೂ ಸಣ್ಣ ಅಕ್ಷರದಲ್ಲಿ ‘ಹಾಲು, ಕಡಲೆಕಾಯಿಯ ಅಂಶ ಇರಬಹುದು’ ಎಂಬ ಸಾಲು. ಈ ‘ಇರಬಹುದು’ ನನ್ನನ್ನು ಬಹಳ ಕಾಡಿತು. ಅದೇ ಯಂತ್ರದಲ್ಲಿ ಬೆಳಿಗ್ಗೆ ಕಡಲೆಕಾಯಿ ಬಿಸ್ಕತ್ತು ತಯಾರಾಗಿದ್ದರೆ ಮಧ್ಯಾಹ್ನದ ಬಿಸ್ಕತ್ತಿಗೆ ಅದರ ಪುಡಿ ತಾಗಬಹುದು, ಅದಕ್ಕಾಗಿ ಈ ಮಾತು. ಆದರೆ ಹಲವು ದೇಶಗಳಲ್ಲಿ ಈ ಎಚ್ಚರಿಕೆ ಹಾಕಲೇಬೇಕೆಂಬ ಕಟ್ಟುಪಾಡಿಲ್ಲ, ತಯಾರಕರು ತಾವಾಗಿ ಹಾಕುವುದು. ಅಂದರೆ ಆ ಸಾಲು ಇದ್ದರೆ ಅಪಾಯ ಇದೆಯೆಂದು ಖಚಿತವಿಲ್ಲ, ಇಲ್ಲದಿದ್ದರೆ ಅಪಾಯ ಇಲ್ಲವೆಂದೂ ಖಚಿತವಿಲ್ಲ. ಕಡ್ಡಾಯವಾಗಿ ಹೇಳಲೇಬೇಕಾದ ಅಲರ್ಜಿಕಾರಕಗಳ ಪಟ್ಟಿಯೂ ಎಲ್ಲ ಕಡೆ ಒಂದೇ ಅಲ್ಲ: ಯುರೋಪಿನ ಒಕ್ಕೂಟದಲ್ಲಿ 14, ಅಮೆರಿಕದಲ್ಲಿ 9, ಅದರಲ್ಲೂ ಒಂಬತ್ತನೆಯದಾದ ಎಳ್ಳು ಸೇರಿದ್ದು 2023ರಲ್ಲಿ. ಬಿಸ್ಕತ್ತನ್ನು ಅಲ್ಲೇ ಇಟ್ಟು ಬಂದೆ.

ಅತಿಯಾಯಿತು ಎಂದು ನಿಮಗೆ ಅನಿಸಬಹುದು. ಇವರಿಗೂ ಅನಿಸಿತು. “ಒಂದು ಚೂರು ತಿಂದರೆ ಏನಾಗುತ್ತದೆ?” ಎಂದರು. ಏನೂ ಆಗದೆ ಇರಬಹುದು, ತುಟಿ ದಪ್ಪಗಾಗಬಹುದು, ಗಂಟಲು ಊದಿ ಉಸಿರು ಕಟ್ಟಬಹುದು. ದೇಹದ ಕಾವಲು ವ್ಯವಸ್ಥೆ ಒಂದು ನಿರುಪದ್ರವಿ ಪ್ರೋಟೀನನ್ನು ಶತ್ರುವೆಂದು ಬಗೆದು ಯುದ್ಧ ಹೂಡುವ ಕಥೆ ಅದು. ತೀವ್ರವಾದರೆ ರಕ್ತದೊತ್ತಡ ಕುಸಿಯುತ್ತದೆ, ಆಗ ತೊಡೆಗೆ ಅಡ್ರಿನಲಿನ್ ಚುಚ್ಚುಮದ್ದು ಕೊಟ್ಟು ಆಸ್ಪತ್ರೆಗೆ ಓಡಬೇಕು. ಮೊಟ್ಟೆ ಆಗದ ಮಕ್ಕಳಲ್ಲಿ ಅನೇಕರು ಚೆನ್ನಾಗಿ ಬೆಂದ ಕೇಕಿನೊಳಗಿನ ಮೊಟ್ಟೆಯನ್ನು ತಾಳಿಕೊಳ್ಳುತ್ತಾರೆ, ನಿಜ. ಅದನ್ನು ಪರೀಕ್ಷಿಸಿ ನೋಡಬೇಕಾದದ್ದು ವೈದ್ಯರ ಎದುರು. ನನ್ನ ಮಗಳ ಹುಟ್ಟುಹಬ್ಬದಲ್ಲಿ ಅಲ್ಲ.

ಸಕ್ಕರೆಯ ಬಗ್ಗೆ ನನಗೆ ಅಷ್ಟು ತಲೆಬಿಸಿಯಿರಲಿಲ್ಲ. ಅಚ್ಚುಕೂಟದ ಸಹೋದ್ಯೋಗಿಯೊಬ್ಬರು ಮಾತ್ರ “ಸಿಹಿ ಕೊಟ್ಟರೆ ಮಕ್ಕಳು ಗೋಡೆ ಹತ್ತುತ್ತವೆ, ಟೀಚರಿಗೆ ಪಾಪ ಕಷ್ಟ” ಎಂದು ಬುದ್ಧಿ ಹೇಳಿದರು. ಬಹಳ ಜನ ನಂಬುವ ಮಾತು, ಆದರೆ ಪರೀಕ್ಷೆಯಲ್ಲಿ ನಿಂತಿಲ್ಲ. 1994ರಲ್ಲಿ ಪ್ರಕಟವಾದ ಒಂದು ಅಧ್ಯಯನ ನನಗೆ ಬಹಳ ಇಷ್ಟ. ಸಕ್ಕರೆ ತಿಂದರೆ ನಮ್ಮ ಮಗ ಕೈಗೆ ಸಿಗುವುದಿಲ್ಲ ಎನ್ನುತ್ತಿದ್ದ ತಾಯಂದಿರನ್ನೇ ಆರಿಸಿ, ಅವರ ಐದರಿಂದ ಏಳು ವರ್ಷದ ಮಕ್ಕಳಿಗೆಲ್ಲ ಸಕ್ಕರೆಯಿಲ್ಲದ ಸಿಹಿಪಾನೀಯ ಕೊಟ್ಟರು. ಅರ್ಧದಷ್ಟು ತಾಯಂದಿರಿಗೆ ಮಾತ್ರ “ನಿಮ್ಮ ಮಗುವಿಗೆ ಸಕ್ಕರೆ ಕೊಟ್ಟಿದ್ದೇವೆ” ಎಂದು ಸುಳ್ಳು ಹೇಳಿದರು. ಉಳಿದ ತಾಯಂದಿರಿಗಿಂತ ಈ ತಾಯಂದಿರಿಗೆ ತಮ್ಮ ಮಗ ಹೆಚ್ಚು ಚೇಷ್ಟೆ ಮಾಡುತ್ತಿರುವಂತೆ ಕಂಡಿತು. ಮರುವರ್ಷ, ಇಂಥ ಹಲವು ಪ್ರಯೋಗಗಳನ್ನು ಒಟ್ಟುಗೂಡಿಸಿ ನೋಡಿದಾಗಲೂ ಸಕ್ಕರೆಗೂ ಮಕ್ಕಳ ಗದ್ದಲಕ್ಕೂ ನಂಟು ಕಾಣಲಿಲ್ಲ. ಹುಟ್ಟುಹಬ್ಬದ ದಿನ ಮಕ್ಕಳು ಕುಣಿಯುವುದು ಹುಟ್ಟುಹಬ್ಬವೆಂದು. ಹಲ್ಲು ಹುಳುಕಾಗುವುದು ಬೇರೆ ಲೆಕ್ಕ, ಅದು ನಿಜವೇ. ದಿನದ ಶಕ್ತಿಯಲ್ಲಿ ಶೇ. 10ಕ್ಕಿಂತ ಕಡಿಮೆ, ಸಾಧ್ಯವಾದರೆ ಶೇ. 5ಕ್ಕಿಂತ ಕಡಿಮೆ ಪಾಲು ಸೇರಿಸಿದ ಸಕ್ಕರೆ, ಜೇನು, ಹಣ್ಣಿನ ರಸಗಳ ಸಕ್ಕರೆಯಿಂದ ಬರಲಿ ಎಂದು ವಿಶ್ವ ಆರೋಗ್ಯ ಸಂಸ್ಥೆ 2015ರಲ್ಲಿ ಹೇಳಿದೆ. ಐದು ವರ್ಷದ ಮಗುವಿಗೆ ಶೇ. 5 ಎಂದರೆ ಹೆಚ್ಚುಕಡಿಮೆ ನಾಲ್ಕು ಟೀಚಮಚ. ನನ್ನ ಕಪ್‌ಕೇಕ್ ಒಂದರ ಕ್ರೀಮಿನಲ್ಲೇ ಅದು ಮುಗಿದಿತ್ತು.

ಹಣ್ಣಿನ ಕಡೆ ಹೊರಳಿದೆ. ಮೊದಲು ಹೊಳೆದದ್ದು ದ್ರಾಕ್ಷಿ. ಅದರ ಗಾತ್ರ, ನುಣುಪು ಎರಡೂ ಪುಟ್ಟ ಮಕ್ಕಳ ಉಸಿರುನಾಳಕ್ಕೆ ಬಿರಡೆಯಂತೆ ಕೂರುವಷ್ಟು ಕರಾರುವಾಕ್ಕು. ಐದು ವರ್ಷದೊಳಗಿನವರಿಗೆ ಉದ್ದಕ್ಕೆ ಸೀಳಿ ನಾಲ್ಕು ತುಂಡು ಮಾಡಿಯೇ ಕೊಡಬೇಕು. ತಲೆಗೆ ಆರರಂತೆ 144 ದ್ರಾಕ್ಷಿ, 576 ತುಂಡು. ಬೆಳಗಿನ ಜಾವ ಎದ್ದು ಸೀಳಿದರೂ ಹನ್ನೊಂದು ಗಂಟೆಯವರೆಗೆ ತಣ್ಣಗಿಡುವವರು ಯಾರು? ಪಾಪ್‌ಕಾರ್ನ್ ಕೂಡ ಇದೇ ಕಾರಣಕ್ಕೆ ಹೋಯಿತು, ಗಟ್ಟಿ ಮಿಠಾಯಿಯೂ ಹೋಯಿತು. ತರಗತಿಯಲ್ಲಿ ಇನ್ನೂ ನಾಲ್ಕು ತುಂಬದ ಒಂದಿಬ್ಬರು ಇದ್ದಾರೆ, ನಗುತ್ತ ಓಡುತ್ತ ತಿನ್ನುವವರು.

ತಿನ್ನದ ವಸ್ತುಗಳ ಮೇಲೂ ಒಂದು ಸುತ್ತು ಕಣ್ಣಾಡಿಸಿದೆ. ಬಲೂನ್: ಒಡೆದ ರಬ್ಬರಿನ ಚೂರು ಗಂಟಲಿಗೆ ಹೋದರೆ ತೆಗೆಯುವುದು ಬಲು ಕಷ್ಟ. ಮಿನುಗುವ ಉಂಗುರ: ಒಳಗಿರುವ ಗುಂಡಿಯಂಥ ಬ್ಯಾಟರಿ ಮಗುವಿನ ಅನ್ನನಾಳದಲ್ಲಿ ಸಿಕ್ಕಿಕೊಂಡರೆ ಎರಡೇ ಗಂಟೆಯಲ್ಲಿ ಸುಡತೊಡಗುತ್ತದೆ. ಸೋಪಿನ ಗುಳ್ಳೆ ಊದುವ ಬಾಟಲಿ: ನುಣ್ಣನೆಯ ನೆಲ, ಇಪ್ಪತ್ತನಾಲ್ಕು ಮಕ್ಕಳು, ಬೇಡ. ನನಗೆ ಮನಸ್ಸು ಹತ್ತಿದ್ದು ಕಾಗದದ ಲೋಟದಲ್ಲಿ ಮಣ್ಣು ಹಾಕಿ, ಜೊತೆಗೆ ನಾಲ್ಕು ರಾಜ್ಮಾ ಕಾಳು ಕಟ್ಟಿ ಕೊಡುವ ಉಪಾಯ. ಮೊಳಕೆ ಬರುವುದನ್ನು ಮಕ್ಕಳು ನೋಡಲಿ ಎಂದು. ಹಸಿ ರಾಜ್ಮಾದಲ್ಲಿ ಲೆಕ್ಟಿನ್ ಎಂಬ ವಿಷಾಂಶವಿದೆ, ನಾಲ್ಕೈದು ಕಾಳು ತಿಂದರೆ ಸಾಕು ವಾಂತಿ ಶುರುವಾಗಲು ಎಂದು ತಿಳಿದ ಮೇಲೂ ಕೈಬಿಡಲು ಮನಸ್ಸಾಗಲಿಲ್ಲ. ಕೊನೆಗೆ ಅತ್ತೆ ನೆನಪಿಸಿದರು: ಇವರು ಐದು ವರ್ಷದವರಿದ್ದಾಗ ಮೂಗಿನೊಳಗೆ ಕಾಳು ತುರುಕಿಕೊಂಡಿದ್ದರಂತೆ. ಅದು ಒಳಗೇ ಉಬ್ಬಿ, ವೈದ್ಯರು ಚಿಮುಟ ಹಿಡಿದು ತೆಗೆಯಬೇಕಾಯಿತಂತೆ. ಇವರು ಪೇಪರಿನಿಂದ ತಲೆ ಎತ್ತಲಿಲ್ಲ.

ಹೀಗೆ ಎರಡು ವಾರ ಕಳೆದಾಗ ಒಂದು ಸಂಜೆ ಮಗಳು ಬಾಳೆಹಣ್ಣನ್ನು ಕಿವಿಗೆ ಹಿಡಿದುಕೊಂಡು ಯಾರೊಂದಿಗೋ ಫೋನಿನಲ್ಲಿ ಮಾತಾಡುತ್ತಿದ್ದಳು. ನಾನು ಅಡುಗೆಮನೆಯಿಂದಲೇ ಕೇಳಿದೆ, “ನಿನ್ನ ಹುಟ್ಟುಹಬ್ಬಕ್ಕೆ ಶಾಲೆಗೆ ಏನು ಕೊಡೋಣ?” ಅವಳು ಫೋನನ್ನು ಅಂಗೈಯಿಂದ ಮುಚ್ಚಿ, “ಇದನ್ನೇ. ಎಲ್ಲರಿಗೂ ಒಂದೊಂದು. ಆಗ ನಾವು ಮಾತಾಡಬಹುದು” ಎಂದಳು.

ನಾನು ನಕ್ಕೆ. ಆಮೇಲೆ ಆ ಹಣ್ಣನ್ನು ಅವಳ ಕೈಯಿಂದ ತೆಗೆದುಕೊಂಡು ತಿರುಗಿಸಿ ನೋಡಿದೆ. ಹಿಂಬದಿಯಲ್ಲಿ ಏನೂ ಬರೆದಿರಲಿಲ್ಲ. ಮುಂಬದಿಯಲ್ಲೂ ಇರಲಿಲ್ಲ. ಮೊಟ್ಟೆಯಿಲ್ಲ, ಹಾಲಿಲ್ಲ, ಕಡಲೆಕಾಯಿಯಿಲ್ಲ, ಜೆಲಾಟಿನ್ ಇಲ್ಲ, ‘ಇರಬಹುದು’ ಇಲ್ಲ. ಪೊಟ್ಟಣ ಅದರದ್ದೇ, ಚಾಕು ಬೇಡ, ಕರಗುವುದಿಲ್ಲ, ಪೀಪಿಯಂತೆ ಊದಲು ಬರುವುದಿಲ್ಲ. ಎರಡು ವಾರ ಭೂತಗನ್ನಡಿ ಹಿಡಿದು ಅಲೆದ ನಾನು ಓದಲು ಒಂದಕ್ಷರವೂ ಇಲ್ಲದ ತಿಂಡಿಯನ್ನು ದಿನವೂ ಮೇಜಿನ ಮೇಲೆ ನೋಡುತ್ತಿದ್ದೆ.

ಆದರೂ ಚಾಳಿ ಬಿಡಬೇಕಲ್ಲ. ಹುಡುಕಿ ನೋಡಿದರೆ ಬಾಳೆಹಣ್ಣಿಗೂ ಒಂದು ಅಡಿಟಿಪ್ಪಣಿಯಿದೆ: ರಬ್ಬರಿನ ಲ್ಯಾಟೆಕ್ಸ್ ಆಗದ ಕೆಲವರಿಗೆ ಬಾಳೆ, ಬೆಣ್ಣೆಹಣ್ಣು, ಕಿವಿಹಣ್ಣು ಕೂಡ ಆಗುವುದಿಲ್ಲ, ಅವುಗಳ ಪ್ರೋಟೀನುಗಳಲ್ಲಿ ಹೋಲಿಕೆಯಿದೆ. ಮತ್ತೆ ಟೀಚರಿಗೆ ಫೋನ್. ಅಂಥವರು ಯಾರೂ ಇರಲಿಲ್ಲ. “ಬಾಳೆಹಣ್ಣೇ?” ಎಂದು ಅವರು ಎರಡು ಸಲ ಕೇಳಿದರು. ಎರಡನೆಯ ಸಲದ ದನಿಯಲ್ಲಿ ಸಂತೋಷವಿತ್ತು. ಮಧುಮೇಹವಿರುವ ಮಗುವಿನ ತಾಯಿಗೆ ಅವರ ಮೂಲಕವೇ ಲೆಕ್ಕ ಕಳಿಸಿದೆ: ಸುಲಿದ ಹಣ್ಣು ಸುಮಾರು 100 ಗ್ರಾಂ, ಅದರಲ್ಲಿ ಕಾರ್ಬೊಹೈಡ್ರೇಟ್ ಸುಮಾರು 23 ಗ್ರಾಂ. ಅಡುಗೆಮನೆಯ ತಕ್ಕಡಿಯಲ್ಲಿ ಮೂರು ಹಣ್ಣು ತೂಗಿ ನೋಡಿದ್ದೆ. ಆ ಮೂರನ್ನೂ ಇವರು ತಿಂದರು.

ಅತ್ತೆಗೆ ಒಂದೇ ಆಕ್ಷೇಪ. ಬಾಳೆಹಣ್ಣು ದಿನವೂ ತಿನ್ನುವುದು, ಅದರಲ್ಲಿ ಹುಟ್ಟುಹಬ್ಬ ಎಲ್ಲಿದೆ? ನ್ಯಾಯವಾದ ಪ್ರಶ್ನೆಯೇ. ಉತ್ತರ ಅವರೇ ಕೊಟ್ಟರು. ಚಿಕ್ಕಂದಿನಲ್ಲಿ ಅಣ್ಣತಮ್ಮಂದಿರು ತಮ್ಮ ಪಾಲಿನ ಹಣ್ಣನ್ನು ಬೇರೆಯವರು ಕದಿಯದಿರಲೆಂದು ಸಿಪ್ಪೆಯ ಮೇಲೆ ಕಡ್ಡಿಯಿಂದ ಹೆಸರು ಗೀಚಿ ಇಡುತ್ತಿದ್ದರಂತೆ. ಮಸಿ ಬೇಡ, ಬಣ್ಣ ಬೇಡ. ಹಲ್ಲುಕಡ್ಡಿಯ ತುದಿಯನ್ನು ಸಿಪ್ಪೆ ತೂತಾಗದಂತೆ ಹಗುರವಾಗಿ ಒತ್ತಿ ಬರೆದರೆ, ಒಡೆದ ಜೀವಕೋಶಗಳೊಳಗಿನ ಕಿಣ್ವ ಗಾಳಿಯ ಆಮ್ಲಜನಕದೊಂದಿಗೆ ಸೇರಿ ಗೆರೆ ಕಂದುಬಣ್ಣಕ್ಕೆ ತಿರುಗುತ್ತದೆ. ಹೆಚ್ಚಿಟ್ಟ ಸೇಬು ಕಪ್ಪಾಗುವುದೂ ಹೀಗೆಯೇ.

ಹಣ್ಣು ಕೊಳ್ಳುವುದರಲ್ಲೂ ಒಂದು ಲೆಕ್ಕವಿದೆ ಎಂದು ಗೊತ್ತಾಯಿತು. ಒಂದೇ ಗೊನೆಯಲ್ಲಿ ಬುಡದ ಚಿಪ್ಪಿನ ಹಣ್ಣು ದೊಡ್ಡದು, ತುದಿಯ ಚಿಪ್ಪಿನದು ಸಣ್ಣದು. “ಅವಳದು ನನ್ನದಕ್ಕಿಂತ ದೊಡ್ಡದು” ಎಂಬ ಮಾತಿಗೆ ಅವಕಾಶ ಕೊಡಬಾರದೆಂದು ಅಕ್ಕಪಕ್ಕದ ಚಿಪ್ಪುಗಳನ್ನೇ ಕೇಳಿ ತಂದೆ. ಮೂವತ್ತು ಹಣ್ಣು. ಮೂರು ದಿನ ಮೊದಲು ತಂದಿದ್ದರಿಂದ ದೋರುಗಾಯಿ ಹದದಲ್ಲಿದ್ದವು. ಫ್ರಿಜ್‌ನಲ್ಲಿಟ್ಟರೆ ಸಿಪ್ಪೆ ಕಪ್ಪಾಗುತ್ತದೆ, ಮುಚ್ಚಿದ ಚೀಲದಲ್ಲಿಟ್ಟರೆ ತಮ್ಮದೇ ಎಥಿಲೀನ್ ಅನಿಲಕ್ಕೆ ಬೇಗ ಕಳಿಯುತ್ತವೆ. ಹಾಗಾಗಿ ಮೂರು ದಿನ ಊಟದ ಮೇಜು ಬಾಳೆಹಣ್ಣಿನದು, ನಾವು ನೆಲದ ಮೇಲೆ ಕುಳಿತು ಉಂಡೆವು.

ಹಿಂದಿನ ರಾತ್ರಿ ಹೆಸರು ಬರೆಯಲು ಕುಳಿತೆ. ಟೀಚರ್ ಕಳಿಸಿದ ಪಟ್ಟಿ ಎಡಕ್ಕೆ, ಹಣ್ಣು ಬಲಕ್ಕೆ. ಮಗಳು ಎದುರಿಗೆ ಕುಳಿತು ಪ್ರತಿಯೊಂದು ಹೆಸರಿಗೂ ಒಂದು ಸುದ್ದಿ ಹೇಳುತ್ತಿದ್ದಳು: ಇವಳು ಅಳುತ್ತಾಳೆ, ಇವನ ಚಪ್ಪಲಿ ಬೆಳಗುತ್ತದೆ, ಇವನು ಒಂದು ದಿನವೂ ಮಾತಾಡಿಲ್ಲ. ಕರಡು ತಿದ್ದುವವಳಿಗೆ ಇದಕ್ಕಿಂತ ಕೆಟ್ಟ ಮುದ್ರಣ ವಿಧಾನ ಇರಲಾರದು. ಬರೆಯುವಾಗ ಗೆರೆ ಸರಿಯಾಗಿ ಕಾಣುವುದಿಲ್ಲ, ಚೆನ್ನಾಗಿ ಕಾಣುವ ಹೊತ್ತಿಗೆ ಅಳಿಸಲು ಬರುವುದಿಲ್ಲ. ಒತ್ತಕ್ಷರಗಳು ಹಣ್ಣಿನ ಬಾಗಿನಲ್ಲಿ ಜಾರಿ ಕೆಳಗಿಳಿದವು. ಹನ್ನೊಂದು ಗಂಟೆಗೆ ಮುಗಿಸಿ, ಕೈ ತೊಳೆದು ಮಲಗಿದೆ.

ಬೆಳಿಗ್ಗೆ ಎದ್ದು ನೋಡಿದರೆ ಇಪ್ಪತ್ತನಾಲ್ಕು ಹೆಸರುಗಳು ಕಂದುಬಣ್ಣದಲ್ಲಿ ಮೂಡಿ ಸಾಲಾಗಿ ಮಲಗಿದ್ದವು. ಹದಿನೇಳನೆಯದರಲ್ಲಿ ದೀರ್ಘ ಬಿಟ್ಟುಹೋಗಿತ್ತು. ಹನ್ನೊಂದು ವರ್ಷ! ಪುಣ್ಯಕ್ಕೆ ದೀರ್ಘದ ಚಿಹ್ನೆ ಅಕ್ಷರದ ಪಕ್ಕದಲ್ಲಿ ಬರುವಂಥದ್ದು, ಅಲ್ಲಿ ಒಂದಿಷ್ಟು ಜಾಗವೂ ಇತ್ತು. ಸೇರಿಸಿದೆ. ಶಾಲೆಗೆ ಹೊರಡುವ ಹೊತ್ತಿಗೆ ಅದೂ ಕಂದಾಯಿತು, ಆದರೆ ಒಡಹುಟ್ಟಿದವರಿಗಿಂತ ಒಂದು ಬಣ್ಣ ತೆಳ್ಳಗೆ.

ಹಣ್ಣುಗಳ ನಡುವೆ ಹಳೆಯ ಪತ್ರಿಕೆ ಮಡಚಿಟ್ಟು ಎರಡು ರಟ್ಟಿನ ಪೆಟ್ಟಿಗೆಯಲ್ಲಿ ಜೋಡಿಸಿದೆ. ಟೀಚರಿಗೆ ಒಂದು ಚೀಟಿ: ತಿನ್ನುವ ಮೊದಲು, ತಿಂದ ಮೇಲೆ ಎಲ್ಲರ ಕೈಯನ್ನೂ ಸೋಪಿನಿಂದ ತೊಳೆಸಬೇಕು. ಯಾರಾದರೂ ಮನೆಯಲ್ಲಿ ಕಡಲೆಕಾಯಿ ಮುಟ್ಟಿ ಬಂದಿದ್ದರೆ ಸ್ಯಾನಿಟೈಸರ್ ಅದರ ಪ್ರೋಟೀನನ್ನು ತೆಗೆಯುವುದಿಲ್ಲ, ಸೋಪು ತೆಗೆಯುತ್ತದೆ. ಎಲ್ಲರೂ ಕುಳಿತೇ ತಿನ್ನಬೇಕು. ಚೀಟಿಯಲ್ಲಿ ಅಲ್ಪವಿರಾಮಗಳನ್ನು ಮೂರು ಸಲ ನೋಡಿದೆ.

ಅಂದು ಏನಾಯಿತೆಂಬುದನ್ನು ಟೀಚರ್ ಹೇಳಿದ್ದು, ಮಗಳು ಹೇಳಿದ್ದು ಕೂಡಿಸಿ ಬರೆಯುತ್ತಿದ್ದೇನೆ. ಹತ್ತು ನಿಮಿಷದ ಕಾರ್ಯಕ್ರಮ ಅರ್ಧ ಗಂಟೆ ಹಿಡಿಯಿತಂತೆ, ಏಕೆಂದರೆ ಹಂಚುವವಳಿಗೆ ಒಂಬತ್ತು ಹೆಸರು ಮಾತ್ರ ಓದಲು ಬರುತ್ತಿತ್ತು. ಉಳಿದದ್ದನ್ನು ಪ್ರತಿ ಮೇಜಿಗೂ ಹೋಗಿ “ಇದು ನೀನೇ?” ಎಂದು ವಿಚಾರಿಸಿದಳಂತೆ. ಹಣ್ಣು ಕೈಗೆ ಬಂದೊಡನೆ ತರಗತಿ ದೂರವಾಣಿ ಕೇಂದ್ರವಾಯಿತು. ಒಂದು ದಿನವೂ ಮಾತಾಡದ ಹುಡುಗ ಕೂಡ ಹಣ್ಣನ್ನು ಕಿವಿಗಿಟ್ಟುಕೊಂಡು ಬಹಳ ಹೊತ್ತು ಸುಮ್ಮನೆ ಕೇಳಿಸಿಕೊಂಡನಂತೆ. ಹದಿನೇಳನೆಯ ಹೆಸರಿನವಳು ತನ್ನ ಹಣ್ಣನ್ನು ಪರೀಕ್ಷಿಸಿ, “ಈ ಗೆರೆ ಆಮೇಲೆ ಬರೆದದ್ದು” ಎಂದು ಘೋಷಿಸಿದಳು. ದೊಡ್ಡವಳಾದ ಮೇಲೆ ನನ್ನ ಕೆಲಸಕ್ಕೆ ಬರಲಿ.

ಕನ್ನಡಕದ ಹುಡುಗ? ತನ್ನ ಹಣ್ಣನ್ನು ಎರಡೂ ಕೈಯಲ್ಲಿ ಹಿಡಿದು ಹೆಸರನ್ನು ಬೆರಳಿನಿಂದ ಸವರಿದ. ಆಮೇಲೆ, “ನನಗೆ ಬಾಳೆಹಣ್ಣು ಇಷ್ಟವಿಲ್ಲ” ಎಂದ. ಟೀಚರ್ ಬೀರು ತೆರೆದು ಡಬ್ಬಿಯಿಂದ ಎರಡು ಬಿಸ್ಕತ್ತು ತೆಗೆದುಕೊಟ್ಟರು.

ಇದನ್ನು ಕೇಳಿ ನಾನು ಗೋಡೆಗೆ ಒರಗಿ ಕುಳಿತೆ. ಭೂತಗನ್ನಡಿ, ತಕ್ಕಡಿ, ಲೆಕ್ಟಿನ್, ಲ್ಯಾಟೆಕ್ಸ್, ಎಲ್ಲವನ್ನೂ ವಿಚಾರಿಸಿದ್ದೆ. ಆ ಹುಡುಗನಿಗೆ ಏನು ಇಷ್ಟ ಎಂದು ಮಾತ್ರ ಕೇಳಿರಲಿಲ್ಲ. ಇವರು ಈ ಸಲ ಪೇಪರ್ ಕೆಳಗಿಟ್ಟು, ಮನಸಾರೆ ನಕ್ಕರು. ಪೆನ್ಸಿಲ್ ಎಂಬ ಪದವನ್ನು ಉಚ್ಚರಿಸಲಿಲ್ಲ, ಅಷ್ಟು ದಾಕ್ಷಿಣ್ಯ ತೋರಿಸಿದರು.

ರಾತ್ರಿ ಅವನ ತಾಯಿಯ ಸಂದೇಶ ಬಂತು. ಬಾಳೆಹಣ್ಣಿನ ವಾಸನೆಯೇ ಅವನಿಗೆ ಆಗದು, ನಾನೇ ಮೊದಲು ಹೇಳಬೇಕಿತ್ತು ಎಂದು ಸಂಕೋಚದಿಂದ ಬರೆದಿದ್ದರು. ಕೆಳಗೆ ಇನ್ನೊಂದು ಸಾಲು: “ಮನೆಗೆ ಬಂದವನೇ ‘ಎಲ್ಲರಿಗೂ ಕೊಟ್ಟರು, ನನಗೂ ಕೊಟ್ಟರು, ನಾನು ಬೇಡ ಎಂದೆ’ ಎಂದು ಮೂರು ಸಲ ಹೇಳಿದ. ಅಜ್ಜನಿಗೆ ಫೋನ್ ಮಾಡಿ ಇನ್ನೊಮ್ಮೆ ಹೇಳಿದ.”

ಹಣ್ಣನ್ನು ಅವನು ಮನೆಗೆ ಒಯ್ದಿದ್ದ. ಐದು ದಿನದ ನಂತರ ಅವರು ಒಂದು ಫೋಟೊ ಕಳಿಸಿದರು. ಪುಸ್ತಕದ ಕಪಾಟಿನ ಮೇಲೆ, ತಟ್ಟೆಯೊಂದರಲ್ಲಿ, ಇದ್ದಿಲಿನಂತೆ ಕಪ್ಪಾದ ಬಾಳೆಹಣ್ಣು. ಹೆಸರು ಎಲ್ಲಿತ್ತೆಂದು ಹುಡುಕಿದರೂ ಕಾಣದು. ಬಿಸಾಡಲು ಬಿಡುತ್ತಿಲ್ಲವಂತೆ, ಮನೆಯ ತುಂಬ ನೊಣ. “ಯಾವಾಗ ಬಿಸಾಡಬಹುದೆಂದು ನಿಮ್ಮ ಮಗಳನ್ನು ಕೇಳಿ ಹೇಳುತ್ತೀರಾ? ಅವಳು ಹೇಳಿದರೆ ಕೇಳುತ್ತಾನಂತೆ.”

ಮಗಳಿಗೆ ಫೋಟೊ ತೋರಿಸಿ ಕೇಳಿದೆ. ಅವಳು ಬಹಳ ಹೊತ್ತು ಯೋಚಿಸಿ, ಅವನ ಹುಟ್ಟುಹಬ್ಬದವರೆಗೆ ಇಡಲಿ ಎಂದಳು. ಅದಕ್ಕೆ ಇನ್ನೂ ನಾಲ್ಕು ತಿಂಗಳಿದೆ. ಅವರಿಗೆ ಏನು ಉತ್ತರ ಬರೆಯಬೇಕೆಂದು ತಿಳಿಯದೆ ಎರಡು ದಿನದಿಂದ ಫೋನನ್ನು ಕೈಯಲ್ಲಿ ಹಿಡಿದುಕೊಂಡು ಓಡಾಡುತ್ತಿದ್ದೇನೆ.